ರಸೀದಿ, ತಾರೀಖು, ದೂರು: ಮದರಾಸಿನ ದುಡ್ಡಿನ ಕಥೆ

ನಮ್ಮ ಮಹಿಳಾ ವೇದಿಕೆಯ ಸಭೆ ಮುಗಿದು ಕಾಫಿಯ ಹೊತ್ತಾಯಿತೆಂದರೆ ಮಾತು ಹೇಗೋ ದುಡ್ಡಿನ ಕಡೆ ತಿರುಗುತ್ತದೆ. ಚೀಟಿ ನಡೆಸುವವರು ಫೋನ್ ಎತ್ತುತ್ತಿಲ್ಲ ಎಂದು ಒಬ್ಬರು ಹೇಳುತ್ತಾರೆ. ಮನೆ ಸಾಲ ತೀರಿಸಿ ತಿಂಗಳುಗಳಾದರೂ ಪತ್ರ ಕೈಗೆ ಬಂದಿಲ್ಲ ಎಂದು ಇನ್ನೊಬ್ಬರು. ಕೇಳದೇ ಇದ್ದ ಇನ್ಶೂರೆನ್ಸ್‌ಗೆ ಖಾತೆಯಿಂದ ಹಣ ಹೋಗಿದೆ ಎಂದು ಮತ್ತೊಬ್ಬರು. ಕೊನೆಗೆ ಎಲ್ಲರದೂ ಒಂದೇ ಪ್ರಶ್ನೆ: "ಯಾರ ಹತ್ತಿರ ಹೇಳಿಕೊಳ್ಳೋದು?"

ಈ ಪ್ರಶ್ನೆಗೆ ಉತ್ತರ ಒಂದಲ್ಲ, ಹಲವು. ಬ್ಯಾಂಕಿಗೆ ಒಂದು ದಾರಿ, ಚೀಟಿಗೆ ಇನ್ನೊಂದು, ನಿಧಿಗೆ ಮತ್ತೊಂದು. ಇದೇಕೆ ಹೀಗೆ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ನಾವು ವಾಸವಾಗಿರುವ ಈ ಊರಿನ ಇತಿಹಾಸವೇ. ಇಂದು ನಮಗಿರುವ ಒಂದೊಂದು ದೂರಿನ ದಾರಿಯ ಹಿಂದೆಯೂ ಹಣ ಕಳೆದುಕೊಂಡವರ ಒಂದು ತಲೆಮಾರು ಇದೆ. ಅವರಲ್ಲಿ ಬಹಳ ಜನ ಮದರಾಸಿನವರು. ಆ ಕಥೆ ಗೊತ್ತಿದ್ದರೆ ಯಾವ ದಾರಿ ಯಾವುದಕ್ಕೆ ಎಂಬುದು ನೆನಪಿನಲ್ಲಿ ಉಳಿಯುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೈಲಾಪುರದ ಫಂಡು, ಮಂಗಳೂರಿನ ಫಂಡು

1872ರಲ್ಲಿ ಮೈಲಾಪುರದಲ್ಲಿ 'ಹಿಂದೂ ಪರ್ಮನೆಂಟ್ ಫಂಡ್' ಶುರುವಾಯಿತು. ಆಗ ಬ್ಯಾಂಕುಗಳೆಂದರೆ ಬಹುಮಟ್ಟಿಗೆ ಸರ್ಕಾರಕ್ಕೆ ಮತ್ತು ದೊಡ್ಡ ವ್ಯಾಪಾರಿಗಳಿಗೆ ಇದ್ದ ಸಂಸ್ಥೆಗಳು. ಸಂಬಳದಲ್ಲಿ ಬದುಕುವ ಸಂಸಾರಗಳು ಸೇರಿ, ತಿಂಗಳಿಗಿಷ್ಟು ಎಂದು ಹಣ ಹಾಕಿ, ಸದಸ್ಯರಿಂದಲೇ ಪಡೆದು ಸದಸ್ಯರಿಗೇ ಸಾಲ ಕೊಡುವ ಏರ್ಪಾಡು ಇದು. ಇಂಥವುಗಳಿಗೆ 'ನಿಧಿ' ಎಂಬ ಹೆಸರು ನಿಂತಿತು. ತಕರಾರು ಬಂದರೆ ಹೇಳಿಕೊಳ್ಳುವ ಜಾಗ ಸದಸ್ಯರ ಸಭೆ. ಎಲ್ಲರೂ ಪರಿಚಿತರೇ ಆಗಿದ್ದ ಕಾಲದಲ್ಲಿ ಅದು ಸಾಕಾಗುತ್ತಿತ್ತು.

ಆಗ ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು. ಮಂಗಳೂರಿನ ಹುಡುಗರು ಕಾನೂನು ಓದಲು ಬರುತ್ತಿದ್ದದ್ದು ಇಲ್ಲಿಗೆ. ಹಾಗೆ ಮದರಾಸಿನಲ್ಲಿ ಓದಿ ಊರಿಗೆ ಮರಳಿ ವಕೀಲರಾದವರು ಅಮ್ಮೆಂಬಳ ಸುಬ್ಬರಾವ್ ಪೈ. 1894ರಲ್ಲಿ ಹೆಣ್ಣುಮಕ್ಕಳಿಗಾಗಿ ಕೆನರಾ ಗರ್ಲ್ಸ್ ಹೈಸ್ಕೂಲ್ ತೆರೆದ ಅವರೇ 1906ರ ಜುಲೈ 1ರಂದು ಮಂಗಳೂರಿನಲ್ಲಿ 'ಕೆನರಾ ಹಿಂದೂ ಪರ್ಮನೆಂಟ್ ಫಂಡ್' ಆರಂಭಿಸಿದರು. ಹೆಸರಿನಲ್ಲೇ ಮೈಲಾಪುರದ ಫಂಡಿನ ನೆನಪು ಇದೆ. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಅದೇ 1906ರ ಮಾರ್ಚ್‌ನಲ್ಲಿ ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಹುಟ್ಟಿತ್ತು. ಊರಿನವರ ಹಣ ಊರಿನವರ ಕೈಯಲ್ಲೇ ಇರಲಿ ಎಂಬ ಯೋಚನೆ ಆ ವರ್ಷ ಕರಾವಳಿಯಲ್ಲಿ ಬಲವಾಗಿತ್ತು. ಅದು ಎಷ್ಟು ಸರಿ ಎಂಬುದು ಕೆಲವೇ ತಿಂಗಳಲ್ಲಿ ಮದರಾಸಿನಲ್ಲಿ ಗೊತ್ತಾಯಿತು.

1906ರ ಅಕ್ಟೋಬರ್ 22

ಪ್ಯಾರಿ, ಬಿನ್ನಿ, ಅರ್ಬತ್ನಾಟ್ ಇವು ಮದರಾಸಿನ ಮೂರು ದೊಡ್ಡ ಇಂಗ್ಲಿಷ್ ವ್ಯಾಪಾರಿ ಮನೆತನಗಳು. ಅರ್ಬತ್ನಾಟ್ ಕಂಪನಿ ಜನರಿಂದ ಠೇವಣಿಯನ್ನೂ ತೆಗೆದುಕೊಳ್ಳುತ್ತಿತ್ತು. ಬ್ಯಾಂಕಿಗಿಂತ ಒಂದಷ್ಟು ಹೆಚ್ಚು ಬಡ್ಡಿ, ಮೇಲೆ ದೊರೆಗಳ ಹೆಸರು. ನೌಕರರು, ಪಿಂಚಣಿದಾರರು, ಜಮೀನುದಾರರು, ದೇವಸ್ಥಾನದ ಹಣ ನೋಡಿಕೊಳ್ಳುವವರು ಎಲ್ಲರೂ ಅಲ್ಲಿ ಹಣ ಇಟ್ಟಿದ್ದರು. ಆ ಹಣ ಎಲ್ಲೆಲ್ಲಿ ಹೂಡಿಕೆಯಾಗಿದೆ ಎಂದು ಇಟ್ಟವರಿಗೆ ಗೊತ್ತಿರಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ.

1906ರ ಅಕ್ಟೋಬರ್ 22ರ ಸೋಮವಾರ ಕಂಪನಿ ಹಣ ಪಾವತಿ ನಿಲ್ಲಿಸಿತು. ಅದರ ಜೊತೆಗಿದ್ದ ಲಂಡನ್ನಿನ ಮ್ಯಾಕ್‌ಫೇಡಿಯನ್ ಕಂಪನಿಯೂ ಬಿದ್ದುಹೋಯಿತು, ಅದರ ಮುಖ್ಯಸ್ಥ ರೈಲಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ. ಮದರಾಸಿನ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್ನಾಟ್ ಮೇಲೆ ಮೊಕದ್ದಮೆ ನಡೆದು 18 ತಿಂಗಳ ಕಠಿಣ ಶಿಕ್ಷೆಯಾಯಿತು. ಬ್ರಿಟಿಷ್ ಆಳ್ವಿಕೆಯಲ್ಲಿ 'ಸರ್' ಪದವಿಯ ಒಬ್ಬ ಇಂಗ್ಲಿಷರವನು ಜೈಲಿಗೆ ಹೋದದ್ದು ದೊಡ್ಡ ಸುದ್ದಿ. ಆದರೆ ಶಿಕ್ಷೆಯಾಯಿತೆಂದು ಠೇವಣಿ ಹಿಂದೆ ಬರಲಿಲ್ಲ.

ಅಂದು ಹಣ ಇಟ್ಟವರು ದೂರು ಕೊಡಬೇಕೆಂದರೆ ಇದ್ದ ದಾರಿ ಯಾವುದು? ದಿವಾಳಿ ಕೋರ್ಟು. 1848ರ ಕಾನೂನಿನ ಪ್ರಕಾರ 'ಅಫಿಷಿಯಲ್ ಅಸೈನಿ' ಎಂಬ ಅಧಿಕಾರಿ ದಿವಾಳಿಯಾದವರ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು, ಮಾರಿ, ಬಂದದ್ದನ್ನು ಸಾಲ ಕೊಟ್ಟವರಿಗೆ ಪಾಲು ಹಂಚಬೇಕು. ಹಣ ಇಟ್ಟ ಪಿಂಚಣಿದಾರರೂ, ಕಂಪನಿಗೆ ಸರಕು ಕೊಟ್ಟ ವ್ಯಾಪಾರಿಯೂ ಒಂದೇ ಸಾಲಿನಲ್ಲಿ ನಿಲ್ಲಬೇಕಿತ್ತು. ಅವರೆಲ್ಲ ಕಾನೂನಿನ ಕಣ್ಣಿಗೆ ಬರೀ 'ಸಾಲಿಗರು'. ಅರ್ಜಿ ಇಂಗ್ಲಿಷಿನಲ್ಲಿ ಬರೆಸಬೇಕು, ವಕೀಲರಿಗೆ ಫೀಸು ಕೊಡಬೇಕು, ವರ್ಷಗಟ್ಟಲೆ ಕಾಯಬೇಕು.

ಠೇವಣಿದಾರರ ಪರವಾಗಿ ನಿಂತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮೈಲಾಪುರದವರು. ನಮ್ಮವರದೇ ಒಂದು ಬ್ಯಾಂಕ್ ಬೇಕು ಎಂದು ಅವರು ಇತರ ಗಣ್ಯರ ಜೊತೆ ಸೇರಿ ಹೊರಟರು. 1907ರ ಆಗಸ್ಟ್ 15ರಂದು ಪ್ಯಾರಿಸ್ ಕಾರ್ನರ್‌ನ ಪ್ಯಾರಿ ಕಟ್ಟಡದಲ್ಲಿ ಇಂಡಿಯನ್ ಬ್ಯಾಂಕ್ ಕೆಲಸ ಆರಂಭಿಸಿತು. 1909ರಲ್ಲಿ ಪ್ರೆಸಿಡೆನ್ಸಿ ನಗರಗಳಿಗೆ ಹೊಸ ದಿವಾಳಿ ಕಾನೂನೂ ಬಂತು. ಒಳ್ಳೆಯ ಬ್ಯಾಂಕ್ ಹುಟ್ಟಿತು, ನಿಜ. ಆದರೆ ಬ್ಯಾಂಕೇ ತಪ್ಪು ಮಾಡಿದರೆ ಯಾರಿಗೆ ಹೇಳುವುದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಬ್ಯಾಂಕೇ ಮುಳುಗಿದಾಗ

1935ರಲ್ಲಿ ರಿಸರ್ವ್ ಬ್ಯಾಂಕ್ ಬಂತು. ಮೂರೇ ವರ್ಷದಲ್ಲಿ, 1938ರಲ್ಲಿ, ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಕುಸಿಯಿತು. ದಕ್ಷಿಣ ಭಾರತದ ಉದ್ದಗಲಕ್ಕೂ ಜನ ಗಾಬರಿಯಾಗಿ ತಮ್ಮ ತಮ್ಮ ಬ್ಯಾಂಕುಗಳ ಮುಂದೆ ನಿಂತರು. ಇಂಥ ಅನುಭವಗಳ ನಂತರ 1949ರಲ್ಲಿ ಬ್ಯಾಂಕಿಂಗ್ ಕಾನೂನು ಬಂದು ರಿಸರ್ವ್ ಬ್ಯಾಂಕಿಗೆ ತನಿಖೆ ಮಾಡುವ, ಆದೇಶ ಕೊಡುವ ಅಧಿಕಾರ ಸಿಕ್ಕಿತು.

1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿದಾಗ ಸಂಸತ್ತಿನಲ್ಲೇ ಗದ್ದಲವಾಯಿತು. ಫಲವಾಗಿ 1962ರ ಜನವರಿ 1ರಿಂದ ಠೇವಣಿ ವಿಮೆ ಜಾರಿಗೆ ಬಂತು. ಆಗ ಒಬ್ಬ ಠೇವಣಿದಾರರಿಗೆ ಸಿಗುತ್ತಿದ್ದ ರಕ್ಷಣೆ 1,500 ರೂಪಾಯಿ. 1993ರಲ್ಲಿ ಅದು 1 ಲಕ್ಷವಾಯಿತು, 2020ರ ಫೆಬ್ರುವರಿಯಿಂದ 5 ಲಕ್ಷ. ಅಸಲು ಬಡ್ಡಿ ಎರಡೂ ಸೇರಿ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಇಷ್ಟು. ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ ಈ ಹಣವನ್ನು 90 ದಿನಗಳೊಳಗೆ ಕೊಡಬೇಕೆಂದು 2021ರಲ್ಲಿ ತಿದ್ದುಪಡಿಯೂ ಆಯಿತು. ಸಹಕಾರಿ ಬ್ಯಾಂಕುಗಳಲ್ಲಿ ಉಳಿತಾಯ ಇಟ್ಟವರಿಗೆ ಇದು ಎಷ್ಟು ದೊಡ್ಡದು ಎಂದು ಬೆಂಗಳೂರಿನ ನಮ್ಮ ನೆಂಟರಿಷ್ಟರನ್ನು ಕೇಳಿದರೆ ಗೊತ್ತಾಗುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ಈ ವಿಮೆ ಇರುವುದು ಬ್ಯಾಂಕಿನ ಠೇವಣಿಗೆ ಮಾತ್ರ. ನಿಧಿಗೆ ಇಲ್ಲ, ಚೀಟಿಗೆ ಇಲ್ಲ, ಫೈನಾನ್ಸ್ ಕಂಪನಿಗೂ ಇಲ್ಲ.

ಚೀಟಿಗೂ ಒಂದು ಕಾನೂನು

ಇಲ್ಲಿ 'ಸೀಟ್ಟು' ಎನ್ನುತ್ತಾರೆ, ನಾವು ಚೀಟಿ ಎನ್ನುತ್ತೇವೆ. ಮಗಳ ಮದುವೆ, ಮಗನ ಫೀಸು, ಒಂದೆಳೆ ಸರ ಇವೆಲ್ಲ ಎಷ್ಟೋ ಮನೆಗಳಲ್ಲಿ ಹೆಂಗಸರು ಕಟ್ಟಿದ ಚೀಟಿಯಿಂದಲೇ ಆದವು. ಇಪ್ಪತ್ತು ಜನ ಸೇರುವುದು, ಯಾರು ಹೆಚ್ಚು ಕಳೆದು ಕೇಳುತ್ತಾರೋ ಅವರಿಗೆ ಆ ತಿಂಗಳ ಹಣ, ಉಳಿದವರಿಗೆ ಆ ಕಳೆದ ಮೊತ್ತದಲ್ಲಿ ಪಾಲು. ಬ್ಯಾಂಕ್ ಬಾಗಿಲಿಗೆ ಹೋಗದ ಹೆಂಗಸಿಗೆ ಅದೇ ಉಳಿತಾಯ, ಅದೇ ಸಾಲ.

ಮದರಾಸು ರಾಜ್ಯ 1961ರಲ್ಲೇ ಚೀಟಿಗೆ ಪ್ರತ್ಯೇಕ ಕಾನೂನು ಮಾಡಿತು. 1982ರಲ್ಲಿ ಕೇಂದ್ರದ ಚಿಟ್ ಫಂಡ್ ಕಾಯ್ದೆ ಬಂತು. ಅದರ ಪ್ರಕಾರ ಚೀಟಿ ಆರಂಭಿಸುವ ಮೊದಲು ಅನುಮತಿ ಪಡೆದು ರಿಜಿಸ್ಟ್ರಾರ್ ಬಳಿ ನೋಂದಣಿ ಮಾಡಿಸಬೇಕು. ಚೀಟಿ ನಡೆಸುವ 'ಫೋರ್‌ಮನ್' ಭದ್ರತೆ ಇಡಬೇಕು. ಪ್ರತಿ ಸದಸ್ಯರಿಗೂ ಒಪ್ಪಂದದ ಪ್ರತಿ ಕೊಡಬೇಕು. ಅವರ ಕಮಿಷನ್‌ಗೂ ಮಿತಿ ಇದೆ: ಮೊದಲು ನೂರಕ್ಕೆ 5, 2019ರ ತಿದ್ದುಪಡಿಯ ನಂತರ 7.

ತಕರಾರಾದರೆ? ಕಾಯ್ದೆಯ 64ನೇ ಕಲಮಿನಂತೆ ಅದು ರಿಜಿಸ್ಟ್ರಾರ್ ಮುಂದೆ ಪಂಚಾಯಿತಿಗೆ ಹೋಗಬೇಕು. ಸಿವಿಲ್ ಕೋರ್ಟಿಗೆ ಹೋಗುವ ಹಾಗಿಲ್ಲ. ತೀರ್ಪು ಒಪ್ಪಿಗೆಯಾಗದಿದ್ದರೆ ಎರಡು ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ. ಕೋರ್ಟಿನ ಮೆಟ್ಟಿಲು ಹತ್ತದೆ ದುಡ್ಡಿನ ತಕರಾರು ತೀರಿಸುವ ಏರ್ಪಾಡುಗಳಲ್ಲಿ ಇದೂ ಒಂದು. ಆದರೆ ನೋಂದಣಿಯಾಗದ ಚೀಟಿಗೆ ಈ ಅನುಕೂಲ ಎಲ್ಲಿಂದ ಬರಬೇಕು? ಅಪಾರ್ಟ್‌ಮೆಂಟಿನ ಕೆಳಗೆ, ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ನಡೆಯುವ ಚೀಟಿಯಲ್ಲಿ ನಂಬಿಕೆ ಇರುವ ತನಕ ಎಲ್ಲ ಇರುತ್ತದೆ. ನಂಬಿಕೆ ಹೋದ ದಿನ ಪೊಲೀಸ್ ಠಾಣೆಯೊಂದೇ ಗತಿ.

'ಗ್ರಾಹಕ' ಎಂಬ ಹೊಸ ಗುರುತು

1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಕೆನಡಿ ಗ್ರಾಹಕರ ಹಕ್ಕುಗಳ ಬಗ್ಗೆ ಅಲ್ಲಿನ ಕಾಂಗ್ರೆಸ್ಸಿಗೆ ಸಂದೇಶ ಕಳಿಸಿದರು. ಆ ದಿನವನ್ನೇ ಈಗ ವಿಶ್ವ ಗ್ರಾಹಕರ ದಿನ ಎಂದು ಆಚರಿಸುತ್ತಾರೆ. ನಮ್ಮಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಗೆ 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಯ ಅಂಕಿತ ಬಿತ್ತು. ಅದಕ್ಕೆ ಒಂದು ವರ್ಷ ಮೊದಲೇ, 1985ರಲ್ಲಿ, ನಮ್ಮ ಚೆನ್ನೈಯಲ್ಲಿ ಕನ್ಸ್ಯೂಮರ್ ಆಕ್ಷನ್ ಗ್ರೂಪ್ ಹುಟ್ಟಿತ್ತು. ಇಂದು ಎಲ್ಲರೂ ಅದನ್ನು 'ಕ್ಯಾಗ್' ಎನ್ನುತ್ತಾರೆ. ಗ್ರಾಹಕರಿಗೆ ತಿಳಿವಳಿಕೆ ಕೊಡುವುದು, ದೂರು ಬರೆಯಲು ನೆರವಾಗುವುದು ಈ ಊರಿನಲ್ಲಿ ಅಂದಿನಿಂದ ನಡೆದುಬಂದ ಕೆಲಸ.

1986ರ ಕಾಯ್ದೆಯಲ್ಲಿ 'ಸೇವೆ' ಎಂದರೆ ಏನು ಎಂದು ಹೇಳುವಾಗ ಬ್ಯಾಂಕಿಂಗ್, ಹಣಕಾಸು, ವಿಮೆ ಎಂದು ಸ್ಪಷ್ಟವಾಗಿ ಬರೆದಿದ್ದರು. ಓದಲು ಸಣ್ಣ ಸಾಲು. ಆದರೆ 1906ರಲ್ಲಿ ಸಾಲಿಗರ ಸಾಲಿನಲ್ಲಿ ನಿಂತಿದ್ದ ಠೇವಣಿದಾರರು ಈ ಸಾಲಿನಿಂದ 'ಗ್ರಾಹಕ'ರಾದರು. ಕಂಪನಿ ದಿವಾಳಿ ಆಗುವ ತನಕ ಕಾಯಬೇಕಿಲ್ಲ, ಸೇವೆಯಲ್ಲಿ ಕೊರತೆ ಇದ್ದರೆ ಸಾಕು, ಕೇಳಬಹುದು.

2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ನಮ್ಮಂಥ ಹೊರನಾಡ ಕನ್ನಡಿಗರಿಗೆ ಬಹಳ ಉಪಯೋಗದ ಒಂದು ಬದಲಾವಣೆ ಇದೆ. ದೂರು ಕೊಡುವವರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಹಳೆಯ ಕಾನೂನಿನಲ್ಲಿ ಎದುರು ಪಕ್ಷದವರ ಕಚೇರಿ ಎಲ್ಲಿದೆ ಅಥವಾ ವ್ಯವಹಾರ ಎಲ್ಲಿ ನಡೆಯಿತು ಎಂದು ನೋಡಬೇಕಿತ್ತು. ತವರಿನ ಊರಿನ ಶಾಖೆಯಲ್ಲಿ ಖಾತೆ, ವಾಸ ಚೆನ್ನೈಯಲ್ಲಿ ಎನ್ನುವವರು ನಮ್ಮಲ್ಲಿ ಎಷ್ಟು ಜನ! ಅವರು ಮೈಸೂರಿಗೋ ಮಂಗಳೂರಿಗೋ ಅಲೆಯಬೇಕಾಗಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ತೊಂದರೆಯಾದ ಎರಡು ವರ್ಷದೊಳಗೆ ಕೊಡಬೇಕು ಎಂಬುದನ್ನು ಮಾತ್ರ ಮರೆಯಬಾರದು. ವಾಯಿದೆಗಳು ಎಳೆಯುತ್ತವೆ ಎನ್ನುವುದೂ ನಿಜ. ಅದಕ್ಕೇ ಸಣ್ಣ ತಕರಾರುಗಳಿಗೆ ಇನ್ನೂ ಹತ್ತಿರದ ದಾರಿ ಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಫೈನಾನ್ಸ್ ಕಂಪನಿಗಳ ಕಾಲ

1990ರ ದಶಕದಲ್ಲಿ ಚೆನ್ನೈಯಲ್ಲಿ ಇದ್ದವರಿಗೆ ಆಗಿನ ಜಾಹೀರಾತುಗಳು ನೆನಪಿರಬಹುದು. ಬ್ಯಾಂಕಿನಲ್ಲಿ ಸಿಗದ ಬಡ್ಡಿ, ಠೇವಣಿ ಇಟ್ಟರೆ ಕೈಗೊಂದು ಉಡುಗೊರೆ. ಅನುಭವ್ ಪ್ಲಾಂಟೇಷನ್ಸ್ ತೇಗದ ಮರಗಳ ಹೆಸರಿನಲ್ಲಿ ಹಣ ಸಂಗ್ರಹಿಸಿ 1998ರಲ್ಲಿ ಕುಸಿಯಿತು. ಹೀಗೆ ಕುಸಿದ ಕಂಪನಿಗಳು ಹಲವು. 1997ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು ಫೈನಾನ್ಸ್ ಕಂಪನಿಗಳಿಗೆ ನೋಂದಣಿ ಕಡ್ಡಾಯ ಮಾಡಿದರು. ಅದೇ ವರ್ಷ ತಮಿಳುನಾಡು ಸರ್ಕಾರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಮಾಡಿತು. ಹಣ ಹಿಂದಿರುಗಿಸದ ಸಂಸ್ಥೆಯ ಆಸ್ತಿಯನ್ನು ಸರ್ಕಾರವೇ ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಮಾರಿ, ಠೇವಣಿದಾರರಿಗೆ ಹಂಚಬಹುದು ಎಂಬುದು ಅದರ ಸಾರ. ಈ ಕಾಯ್ದೆ ಸುಪ್ರೀಂ ಕೋರ್ಟಿಗೂ ಹೋಯಿತು. 2011ರಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ನಮ್ಮ ಅತ್ತೆಯವರೂ ಆ ಕಾಲದಲ್ಲಿ ಒಂದು ಫೈನಾನ್ಸ್ ಕಂಪನಿಯಲ್ಲಿ ಹಣ ಇಟ್ಟಿದ್ದರು. ಮಾವನವರು ತೀರಿಕೊಂಡ ಮೇಲೆ ಬಂದ ಹಣದಲ್ಲಿ ಒಂದು ಪಾಲು ಅದು. ಕಂಪನಿ ಬಾಗಿಲು ಹಾಕಿದಾಗ ಅವರು ಅಳಲಿಲ್ಲ, ಬೀರು ತೆಗೆದು ಕಾಗದ ಹುಡುಕಿದರು. ಠೇವಣಿ ಪತ್ರ, ಬಡ್ಡಿ ಬಂದ ತಾರೀಖುಗಳು, ಕಂಪನಿಗೆ ಬರೆದ ಪತ್ರದ ನಕಲು, ಅಂಚೆಯ ರಸೀದಿ ಎಲ್ಲವನ್ನೂ ಒಂದು ಹಳೆಯ ಸೀರೆ ಡಬ್ಬಿಯಲ್ಲಿ ಇಟ್ಟಿದ್ದರು. ಪೊಲೀಸರ ಆರ್ಥಿಕ ಅಪರಾಧ ವಿಭಾಗಕ್ಕೆ ದೂರು ಕೊಟ್ಟಾಗ ಆ ಡಬ್ಬಿಯೇ ಜೊತೆಗೆ ಹೋಯಿತು. ವರ್ಷಗಳ ನಂತರ ಅಸಲಿನಲ್ಲಿ ಒಂದು ಭಾಗ ಬಂತು. ಪೂರ್ತಿ ಬರಲಿಲ್ಲ.

ಪಕ್ಕದ ಮನೆಯ ಮಾಮಿಯೂ ಅದೇ ಕಂಪನಿಯಲ್ಲಿ ಹಣ ಇಟ್ಟಿದ್ದರು. ಆದರೆ ಅವರ ಹಣ ಮೈದುನನ ಕೈಯಿಂದ, ಮೈದುನನ ಹೆಸರಿನಲ್ಲಿ ಹೋಗಿತ್ತು. ಮೈದುನ ದೂರು ಕೊಡಲು ಮನಸ್ಸು ಮಾಡಲಿಲ್ಲ. ಮಾಮಿ ದೂರು ಕೊಡುವ ಹಾಗೇ ಇರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅವರು ಹಣವನ್ನೇ ಇಟ್ಟಿರಲಿಲ್ಲವಲ್ಲ! "ನಿಮ್ಮ ಹತ್ತಿರ ಕಾಗದ ಇದೆ, ನನ್ನ ಹತ್ತಿರ ನೆನಪು ಇದೆ" ಎಂದು ಅವರು ಅತ್ತೆಯವರಿಗೆ ಹೇಳುತ್ತಿದ್ದರು. ಹೆಂಗಸರ ದುಡ್ಡಿನ ಇತಿಹಾಸ ಬರೆಯುವವರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇಲ್ಲ. ಅರ್ಬತ್ನಾಟ್ ಕಾಲದಲ್ಲೂ ಹೀಗೆ ಬೇರೆಯವರ ಹೆಸರಿನಲ್ಲಿದ್ದ ಹಣ ಕಳೆದುಕೊಂಡ ಎಷ್ಟೋ ಹೆಂಗಸರು ಯಾವ ಪಟ್ಟಿಯಲ್ಲೂ ಸೇರದೆ ಹೋಗಿರಬೇಕು.

ಕರಾವಳಿಯ ಪಿಗ್ಮಿ ಯೋಜನೆಯನ್ನು ನಾನು ಮೆಚ್ಚುವುದು ಇದೇ ಕಾರಣಕ್ಕೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಅದನ್ನು ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಲೆಕ್ಕ ಬರೆಯುತ್ತಿದ್ದ. ಎರಡಾಣೆಗೂ ಒಂದು ದಾಖಲೆ ಇತ್ತು.

ಒಂಬುಡ್ಸ್‌ಮನ್ ಬಂದರು

ಒಂಬುಡ್ಸ್‌ಮನ್ ಎಂಬುದು ಸ್ವೀಡನ್ ದೇಶದ ಮಾತು. ಅಧಿಕಾರಿಗಳ ಮೇಲಿನ ದೂರು ವಿಚಾರಿಸಲು ಅಲ್ಲಿನ ಸಂಸತ್ತು 1809ರಲ್ಲೇ ಇಂಥ ಹುದ್ದೆ ಮಾಡಿತ್ತು. ನಮ್ಮ ರಿಸರ್ವ್ ಬ್ಯಾಂಕ್ 1995ರ ಜೂನ್‌ನಲ್ಲಿ ಬ್ಯಾಂಕಿಂಗ್ ಒಂಬುಡ್ಸ್‌ಮನ್ ಯೋಜನೆ ತಂದಿತು. ವಿಮೆಗೆ 1998ರಲ್ಲಿ ಪ್ರತ್ಯೇಕ ಒಂಬುಡ್ಸ್‌ಮನ್ ಬಂದರು. ಅವರ ಒಂದು ಕಚೇರಿ ಚೆನ್ನೈಯಲ್ಲಿದೆ. ಫೈನಾನ್ಸ್ ಕಂಪನಿಗಳಿಗೆ 2018ರಲ್ಲಿ ಒಂಬುಡ್ಸ್‌ಮನ್ ನೇಮಿಸಿದಾಗ ಮೊದಲು ತೆರೆದ ನಾಲ್ಕು ಕಚೇರಿಗಳಲ್ಲಿ ದಕ್ಷಿಣಕ್ಕೆಲ್ಲ ಸೇರಿ ಇದ್ದದ್ದು ಚೆನ್ನೈ. 2021ರ ನವೆಂಬರ್ 12ರಂದು ಬ್ಯಾಂಕ್, ಫೈನಾನ್ಸ್ ಕಂಪನಿ, ಡಿಜಿಟಲ್ ಪಾವತಿ ಮೂರನ್ನೂ ಒಂದುಗೂಡಿಸಿ ಒಂದೇ ಯೋಜನೆ ಮಾಡಿದರು.

ಕೆಲಸ ನಡೆಯುವ ಕ್ರಮ ಹೀಗಿದೆ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿಗೆ ಬರೆಯಬೇಕು. ಅದಕ್ಕೂ ಗಡುವಿದೆ. ಒಂಬುಡ್ಸ್‌ಮನ್ ಮೊದಲು ಇಬ್ಬರನ್ನೂ ರಾಜಿಗೆ ಕರೆಯುತ್ತಾರೆ, ಆಗದಿದ್ದರೆ ಆದೇಶ ಕೊಡುತ್ತಾರೆ. 2021ರ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷದವರೆಗೆ, ಅಲೆದಾಟ ಮತ್ತು ಮನಸ್ಸಿನ ನೋವಿಗೆ 1 ಲಕ್ಷದವರೆಗೆ ಪರಿಹಾರ ಕೊಡಿಸಬಹುದಿತ್ತು. ಶುಲ್ಕವಿಲ್ಲ. ವಕೀಲರ ಮೂಲಕ ದೂರು ಕೊಡುವ ಹಾಗೇ ಇಲ್ಲ, ವಕೀಲರಿಗೇ ಅನ್ಯಾಯವಾಗಿದ್ದರೆ ಆ ಮಾತು ಬೇರೆ. ಇನ್ನೂ ಒಂದು ಸಂತೋಷದ ವಿಷಯ: ಅಂಚೆ ಅಥವಾ ಇಮೇಲ್‌ನಲ್ಲಿ ಕಳಿಸುವ ದೂರು ಯಾವ ಭಾಷೆಯಲ್ಲಿದ್ದರೂ ಸರಿ. ಚೆನ್ನೈಯಲ್ಲಿ ಕೂತು ಕನ್ನಡದಲ್ಲಿ ಬರೆದ ದೂರನ್ನೂ ತೆಗೆದುಕೊಳ್ಳಲೇಬೇಕು. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಇಂಗ್ಲಿಷ್ ಅರ್ಜಿಗಾಗಿ ವಕೀಲರ ಮನೆ ಮುಂದೆ ಕಾದ 1906ರ ಮಂದಿಯನ್ನು ನೆನೆದರೆ ಎಷ್ಟು ದೂರ ಬಂದಿದ್ದೇವೆ ಎನಿಸುತ್ತದೆ.

ಮಿತಿಗಳೂ ಇವೆ. ಸಾಲ ಕೊಡಬೇಕೋ ಬೇಡವೋ ಎಂಬುದು ಬ್ಯಾಂಕಿನ ವ್ಯಾಪಾರದ ತೀರ್ಮಾನ, ಅದರ ಮೇಲೆ ದೂರು ನಡೆಯುವುದಿಲ್ಲ. ಕೋರ್ಟಿನಲ್ಲಿರುವ ವಿಷಯಕ್ಕೂ ನಡೆಯುವುದಿಲ್ಲ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಹೋದರೆ ದೂರು ಹಿಂದಕ್ಕೆ ಬರುತ್ತದೆ.

ಸಾಲ ಪಡೆದವರ ದೂರು

ಹಿಂದೆ ದೂರು ಎಂದರೆ ಹಣ ಇಟ್ಟವರದು. ಸಾಲ ಪಡೆದವರು ತಲೆ ತಗ್ಗಿಸಿಯೇ ಇರಬೇಕಿತ್ತು. ಈ ಊರಿನಲ್ಲಿ ಕಂದುವಟ್ಟಿ, ಮೀಟರ್ ವಟ್ಟಿ, ತಂಡಲ್ ಎಂದು ಸಾಲದ ಹೆಸರುಗಳೇ ಭಯ ಹುಟ್ಟಿಸುತ್ತವೆ. ಇವುಗಳನ್ನು ತಡೆಯಲು 2003ರಲ್ಲಿ ತಮಿಳುನಾಡು ಅತಿ ಬಡ್ಡಿ ನಿಷೇಧ ಕಾಯ್ದೆ ಮಾಡಿತು. ಗುಂಪು ಸಾಲ ಪಡೆದ ಹೆಂಗಸರಿಗೆ ವಸೂಲಿಯವರ ಕಿರುಕುಳ ಹೆಚ್ಚಾದಾಗ ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದೇ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆಯೂ ಬಲವಂತದ ವಸೂಲಿ ತಡೆಯುವ ಮಸೂದೆ ಅಂಗೀಕರಿಸಿತು.

ಬ್ಯಾಂಕ್, ಫೈನಾನ್ಸ್ ಕಂಪನಿಗಳ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳೇ ಇವೆ. ವಸೂಲಿಗಾಗಿ ಬೆಳಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು 2022ರ ಆಗಸ್ಟ್‌ನಲ್ಲಿ ಹೇಳಿದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮನೆಯ ಮೂಲಪತ್ರ ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಚಿನ್ನದ ಸಾಲಕ್ಕೆ 2025ರ ಜೂನ್‌ನಲ್ಲಿ ಹೊರಬಂದ ನಿಯಮದಲ್ಲೂ ಒಡವೆಯನ್ನು ಹೆಚ್ಚೆಂದರೆ 7 ಕೆಲಸದ ದಿನಗಳಲ್ಲಿ ಹಿಂದಿರುಗಿಸಬೇಕು, ತಡವಾದರೆ ಅದೇ 5,000. ಹರಾಜು ಹಾಕಿದರೆ ಸಾಲಕ್ಕೆ ಮಿಕ್ಕ ಹಣವನ್ನು ಒಡವೆಯವರಿಗೇ ಕೊಡಬೇಕು. ಅಮ್ಮ ಕೊಟ್ಟ ಬಳೆಯನ್ನು ಕಷ್ಟಕ್ಕೆ ಅಡವಿಟ್ಟವರಿಗೆ ಈ ನಿಯಮದ ಬೆಲೆ ಗೊತ್ತು.

ಕ್ರೆಡಿಟ್ ಸ್ಕೋರ್ ಎಂಬುದು ಈಗಿನ ಹೊಸ ತಲೆನೋವು. ತೀರಿಸಿದ ಸಾಲವೂ ವರದಿಯಲ್ಲಿ ಬಾಕಿ ಎಂದೇ ನಿಂತಿರುತ್ತದೆ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದಲೂ ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಪಡೆಯಬಹುದು. ತಪ್ಪು ಕಂಡು ದೂರು ಕೊಟ್ಟ ಮೇಲೆ 30 ದಿನದಲ್ಲಿ ತೀರ್ಮಾನವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ನಿಯಮ 2024ರಿಂದ ಜಾರಿಯಲ್ಲಿದೆ. 2022ರ ಸೆಪ್ಟೆಂಬರ್‌ನಿಂದ ಈ ಸಂಸ್ಥೆಗಳ ಮೇಲೂ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಖಾತೆಯಿಂದ ನಮಗೆ ತಿಳಿಯದೆ ಹಣ ಹೋದರೆ ಗಂಟೆಗಳ ಲೆಕ್ಕ. ಕೂಡಲೇ ಬ್ಯಾಂಕಿಗೆ ಹೇಳಿ, 1930ಕ್ಕೆ ಫೋನ್ ಮಾಡಿ. ತಪ್ಪು ಬ್ಯಾಂಕಿನದೂ ಅಲ್ಲ ನಮ್ಮದೂ ಅಲ್ಲ ಎನ್ನುವಾಗ, ವಿಷಯ ತಿಳಿದ 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ಹೇಳಿದರೆ ನಷ್ಟ ನಮ್ಮದಲ್ಲ ಎಂದು 2017ರ ಜುಲೈನ ಸುತ್ತೋಲೆ ಹೇಳುತ್ತದೆ. ಒಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಮ್ಮ ತಲೆಗೇ.

ಯಾವ ದೂರು ಎಲ್ಲಿಗೆ?

ಬ್ಯಾಂಕ್, ನೋಂದಾಯಿತ ಫೈನಾನ್ಸ್ ಕಂಪನಿ, ಕಾರ್ಡ್, ಯುಪಿಐ: ಮೊದಲು ಆ ಸಂಸ್ಥೆಗೆ, ಆಮೇಲೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ.
ವಿಮೆ: ಮೊದಲು ಕಂಪನಿಗೆ, ಆಮೇಲೆ ವಿಮಾ ಒಂಬುಡ್ಸ್‌ಮನ್‌ಗೆ.
ಷೇರು, ಮ್ಯೂಚುವಲ್ ಫಂಡ್: ಸೆಬಿಯ ಸ್ಕೋರ್ಸ್ ವ್ಯವಸ್ಥೆಗೆ. ಇದು 2011ರಿಂದ ಇದೆ.
ನೋಂದಾಯಿತ ಚೀಟಿ: ಚೀಟಿ ರಿಜಿಸ್ಟ್ರಾರ್‌ಗೆ.
ನಿಧಿ: ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಅಲ್ಲ, ಕಂಪನಿಗಳ ರಿಜಿಸ್ಟ್ರಾರ್‌ಗೆ.
ಠೇವಣಿ ಹಿಂದಿರುಗಿಸದ ಖಾಸಗಿ ಸಂಸ್ಥೆ: ತಮಿಳುನಾಡು ಪೊಲೀಸರ ಆರ್ಥಿಕ ಅಪರಾಧ ವಿಭಾಗಕ್ಕೆ.
ಸೇವೆಯ ಕೊರತೆಗೆ ಪರಿಹಾರ ಬೇಕೆಂದರೆ: ಜಿಲ್ಲಾ ಗ್ರಾಹಕ ಆಯೋಗಕ್ಕೆ. ಮೊದಲು ಸಲಹೆ ಬೇಕಿದ್ದರೆ 1915ಕ್ಕೆ ಫೋನ್ ಮಾಡಬಹುದು.

ಇತಿಹಾಸ ಮುಗಿದಿಲ್ಲ

2022ರಲ್ಲಿ ಆರುದ್ರ ಗೋಲ್ಡ್ ಟ್ರೇಡಿಂಗ್ ಎಂಬ ಚೆನ್ನೈಯ ಸಂಸ್ಥೆಯ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ವರ್ಷಕ್ಕಲ್ಲ, ತಿಂಗಳಿಗೇ ನೂರಕ್ಕೆ 25, 30 ಕೊಡುತ್ತೇವೆ ಎಂಬ ಮಾತು ನಂಬಿ ಹಣ ಹಾಕಿದವರು ಬೀದಿಗೆ ಬಂದರು. 2024ರ ಆಗಸ್ಟ್‌ನಲ್ಲಿ ಇನ್ನೂ ಮನಸ್ಸಿಗೆ ನೋವಾಗುವ ಸುದ್ದಿ ಬಂತು. ಈ ಲೇಖನದ ಮೊದಲಲ್ಲಿ ಹೇಳಿದ, 1872ರ ಮೈಲಾಪುರದ ಫಂಡಿನ ಠೇವಣಿದಾರರೇ ಹಣ ಸಿಗುತ್ತಿಲ್ಲ ಎಂದು ಆರ್ಥಿಕ ಅಪರಾಧ ವಿಭಾಗಕ್ಕೆ ದೂರು ಕೊಟ್ಟರು, ಅದರ ವ್ಯವಸ್ಥಾಪಕ ನಿರ್ದೇಶಕರ ಬಂಧನವಾಯಿತು. 150 ವರ್ಷ ದಾಟಿದ ಹೆಸರನ್ನು ನಂಬಿ ನಿವೃತ್ತಿಯ ಹಣ ಇಟ್ಟಿದ್ದ ಹಿರಿಯರು ದೂರಿನ ಸಾಲಿನಲ್ಲಿ ನಿಲ್ಲಬೇಕಾಯಿತು.

ಅರ್ಬತ್ನಾಟ್ ಠೇವಣಿದಾರರಿಗೆ ಇರದ ಅನುಕೂಲಗಳು ಇವರಿಗೆ ಇವೆ: ವಿಶೇಷ ಕಾನೂನು, ವಿಶೇಷ ನ್ಯಾಯಾಲಯ, ದೂರು ತೆಗೆದುಕೊಳ್ಳುವ ಪೊಲೀಸರು. ಆದರೂ ಹಳೆಯ ಹೆಸರು, ಹೆಚ್ಚು ಬಡ್ಡಿ, ಪರಿಚಯದವರ ಮಾತು ಇವು ಮೂರೂ ಇಂದಿಗೂ ನಮ್ಮನ್ನು ಹಿಡಿಯುತ್ತವೆ.

ಹಾಗಾಗಿ ಸಂಘದ ಗೆಳತಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಹಣ ನಿಮ್ಮ ಹೆಸರಿನಲ್ಲೇ ಇರಲಿ. ನಾಮಿನಿ ಹೆಸರು ಬರೆಸಿ. ಹಣ ಇಡುವ ಮೊದಲು ಅದು ಬ್ಯಾಂಕೋ, ನಿಧಿಯೋ, ಫೈನಾನ್ಸ್ ಕಂಪನಿಯೋ ಎಂದು ಕೇಳಿ ತಿಳಿಯಿರಿ, ಏಕೆಂದರೆ ನಾಳೆ ಎಲ್ಲಿಗೆ ದೂರು ಕೊಡಬೇಕು ಎಂಬುದು ಇಂದೇ ಅಲ್ಲಿ ನಿರ್ಧಾರವಾಗುತ್ತದೆ. ಬಾಯಿಮಾತಿನಲ್ಲಿ ದೂರು ಹೇಳಿ ಸುಮ್ಮನಾಗದೆ ಬರೆದು ಕೊಡಿ, ಕೊಟ್ಟ ತಾರೀಖು ಮತ್ತು ದೂರಿನ ನಂಬರ್ ಇಟ್ಟುಕೊಳ್ಳಿ. ಇಂಗ್ಲಿಷ್, ತಮಿಳು ಬರೆಯಲು ಕಷ್ಟವೆನಿಸಿದರೆ ಕನ್ನಡದಲ್ಲೇ ಬರೆಯಿರಿ. ಮುಂದಿನ ಸಭೆಗಳಲ್ಲಿ ನಾವು ನಾಲ್ಕು ಜನ ಕೂತು ಒಬ್ಬರಿಗೊಬ್ಬರು ದೂರು ಬರೆದುಕೊಡುವ ಕೆಲಸವನ್ನೂ ಇಟ್ಟುಕೊಂಡರೆ ಬಹಳ ಒಳ್ಳೆಯದು. ನಿಮ್ಮ ಹತ್ತಿರ ಇರುವ ಕಾಗದಗಳನ್ನು ತನ್ನಿ, ಒಟ್ಟಿಗೆ ನೋಡೋಣ.